ದಂಡ ಕಟ್ಟಿದ ಮೇಲೂ ಕೇಸು ಹಾಕಬಹುದೇ?

ಒಂದು ಶುಕ್ರವಾರ ಜುಮಾ ನಮಾಝ್ ಮುಗಿದು ಜನ ಚದುರಿದ ಮೇಲೆ ನಮ್ಮ ಜಮಾಅತಿನ ಹಿರಿಯರೊಬ್ಬರು ಬಂದು ನನ್ನ ಪಕ್ಕ ಕುಳಿತರು. ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದು, “ಉಸ್ತಾದ್, ಇದರಲ್ಲಿ ಏನಿದೆ ನೋಡಿ ಹೇಳಿ” ಎಂದರು. ಅದು ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಸಮನ್ಸ್. ಅವರ ಮಗ ಸೌದಿಯಲ್ಲಿ ದುಡಿಯುತ್ತಾನೆ. ತಂಗಿಯ ಮದುವೆಗೆಂದು ಊರಿಗೆ ಬರುವಾಗ ಚಿನ್ನ ತಂದಿದ್ದ. ತನ್ನದು ಮಾತ್ರವಲ್ಲ, ರೂಮಿನ ಇನ್ನಿಬ್ಬರು ಕೊಟ್ಟದ್ದೂ ಅದರಲ್ಲಿತ್ತು. ವಿಮಾನ ನಿಲ್ದಾಣದಲ್ಲಿ ಅದನ್ನು ಘೋಷಿಸದೆ ಹೊರಗೆ ಹೊರಟವನನ್ನು ಕಸ್ಟಮ್ಸಿನವರು ಹಿಡಿದರು. ಚಿನ್ನ ಜಪ್ತಿಯಾಯಿತು, ದಂಡವೂ ಬಿತ್ತು. ಸಾಲ ಮಾಡಿ ಎಲ್ಲವನ್ನೂ ಕಟ್ಟಿದರು. ರಸೀದಿ ಅವರ ಕೈಯಲ್ಲೇ ಇತ್ತು.

“ದಂಡ ಕಟ್ಟಿ ಮುಗಿದ ವಿಷಯಕ್ಕೆ ಮತ್ತೆ ಕೋರ್ಟು ಯಾಕೆ ಉಸ್ತಾದ್?”

ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ಓದಿದವನು ನಾನು. ಸಂವಿಧಾನದ 20ನೇ ವಿಧಿ ತಟ್ಟನೆ ನೆನಪಿಗೆ ಬಂತು. “ಹೆದರಬೇಡಿ ಹಾಜಿಯವರೇ, ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಕೊಡಲು ನಮ್ಮ ಸಂವಿಧಾನವೇ ಬಿಡುವುದಿಲ್ಲ” ಎಂದೆ. ಅವರ ಮುಖ ಅರಳಿತು. ಮನೆಗೆ ಹೋಗಿ ಮಗನಿಗೆ ಫೋನು ಮಾಡಿ, ರಜೆ ಹಾಕಿ ಬರುವುದೇನೂ ಬೇಡ, ಉಸ್ತಾದರು ಹೇಳಿದ್ದಾರೆ ಎಂದುಬಿಟ್ಟರು.

ನಾನು ಹೇಳಿದ್ದು ತಪ್ಪಾಗಿತ್ತು. ನಮ್ಮ ಮಸೀದಿಗೆ ಬರುವ ವಕೀಲರೊಬ್ಬರಿಗೆ ಆ ವಾರವೇ ಮಾತಿನ ನಡುವೆ ಇದನ್ನು ಹೇಳಿದಾಗ ಅವರು ಗಾಬರಿಯಾದರು. ಸಮನ್ಸ್ ತಲುಪಿದ ಮೇಲೂ ಹಾಜರಾಗದಿದ್ದರೆ ವಾರಂಟ್ ಹೊರಡುತ್ತದೆ, ಮುಂದೆ ಆ ಹುಡುಗ ಊರಿಗೆ ಬಂದು ಇಳಿಯುವಾಗಲೇ ಹಿಡಿಯಬಹುದು ಎಂದರು. ನನ್ನ ಒಂದು ಮಾತಿನಿಂದ ಒಂದು ಮನೆಗೆ ಎಂಥ ಸಂಕಟ ಬರುವುದರಲ್ಲಿತ್ತು! ಆಮೇಲೆ ಅವರ ಕಚೇರಿಯಲ್ಲಿ ಎರಡು ಮೂರು ಸಂಜೆ ಕುಳಿತು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಂವಿಧಾನದ 20ನೇ ವಿಧಿಯ ಎರಡನೇ ಖಂಡ ಹೇಳುವುದು ಇಷ್ಟು: ಒಂದೇ ಅಪರಾಧಕ್ಕಾಗಿ ಯಾರನ್ನೂ ಒಂದಕ್ಕಿಂತ ಹೆಚ್ಚು ಸಲ ಮೊಕದ್ದಮೆಗೆ ಗುರಿಪಡಿಸಿ ಶಿಕ್ಷಿಸುವಂತಿಲ್ಲ. ಕೇಳಲು ಸರಳ. ಆದರೆ ಮೊದಲ ಸಲದ್ದು ‘ಮೊಕದ್ದಮೆ’ಯಾಗಿತ್ತೇ, ಅದನ್ನು ನಡೆಸಿದ್ದು ನ್ಯಾಯಾಲಯವೇ ಎಂಬುದನ್ನು ಮೊದಲು ನೋಡಬೇಕು. ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದ ಹಳೆಯ ಪ್ರಕರಣವೂ, ನೋಡಿ, ನಮ್ಮ ಹಾಜಿಯವರ ಮನೆಯ ಕತೆಯಂಥದ್ದೇ.

1949ರ ನವೆಂಬರ್ 6ರಂದು ಜಿದ್ದಾದಿಂದ ಬಂದ ಪ್ರಯಾಣಿಕರೊಬ್ಬರು ಮುಂಬೈಯ ಸಾಂತಾಕ್ರೂಝ್ ವಿಮಾನ ನಿಲ್ದಾಣದಲ್ಲಿ ಇಳಿದರು. ಚಿನ್ನ ಇದೆಯೆಂದು ಘೋಷಿಸಲಿಲ್ಲ. ಶೋಧಿಸಿದಾಗ 107.2 ತೊಲ, ಅಂದರೆ ಸುಮಾರು ಒಂದೂಕಾಲು ಕೆಜಿ ಚಿನ್ನ ಸಿಕ್ಕಿತು. ಕಸ್ಟಮ್ಸ್ ಅಧಿಕಾರಿಗಳು ಅದನ್ನು ಮುಟ್ಟುಗೋಲು ಹಾಕಿಕೊಂಡು, ಬೇಕಿದ್ದರೆ 12,000 ರೂಪಾಯಿ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು ಎಂದು ಆದೇಶ ಕೊಟ್ಟರು. ನಾಲ್ಕು ತಿಂಗಳ ಅವಧಿಯಲ್ಲಿ ಬಿಡಿಸಿಕೊಳ್ಳಲು ಯಾರೂ ಬರಲಿಲ್ಲ. 1950ರ ಮಾರ್ಚ್‌ನಲ್ಲಿ ವಿದೇಶಿ ವಿನಿಮಯ ಕಾಯ್ದೆಯಡಿ ಅದೇ ಚಿನ್ನಕ್ಕಾಗಿ ಮ್ಯಾಜಿಸ್ಟ್ರೇಟರ ಮುಂದೆ ಮೊಕದ್ದಮೆ ಹೂಡಲಾಯಿತು. ಆ ಹೊತ್ತಿಗೆ ಸಂವಿಧಾನ ಜಾರಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ನನ್ನ ಚಿನ್ನ ಹೋಯಿತು, ಶಿಕ್ಷೆ ಆಗಿಹೋಯಿತು, ಇನ್ನೊಮ್ಮೆ ಯಾಕೆ ಎಂದು ಆತ 20ನೇ ವಿಧಿಯನ್ನು ಮುಂದಿಟ್ಟರು.

ಮಕ್ಬೂಲ್ ಹುಸೇನ್ ವಿರುದ್ಧ ಬಾಂಬೆ ರಾಜ್ಯ ಎಂದು ಕರೆಯಲಾಗುವ ಈ ಪ್ರಕರಣದಲ್ಲಿ 1953ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ವಾದವನ್ನು ಒಪ್ಪಲಿಲ್ಲ. ಕಸ್ಟಮ್ಸ್ ಅಧಿಕಾರಿ ನ್ಯಾಯಾಲಯವಲ್ಲ. ಆತ ಕಂದಾಯ ಇಲಾಖೆಯ ಅಧಿಕಾರಿ. ಸಾಕ್ಷಿಗಳಿಂದ ಪ್ರಮಾಣ ಮಾಡಿಸಿ ಹೇಳಿಕೆ ಪಡೆದು, ಸಾಕ್ಷ್ಯದ ನಿಯಮಗಳಂತೆ ವಿಚಾರಣೆ ನಡೆಸುವ ಬಾಧ್ಯತೆ ಆತನಿಗಿಲ್ಲ. ಆತ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳುವುದು ನ್ಯಾಯಾಲಯವು ಮನುಷ್ಯನಿಗೆ ಕೊಡುವ ಶಿಕ್ಷೆಗೆ ಸಮವಲ್ಲ. ಆದ್ದರಿಂದ ಮ್ಯಾಜಿಸ್ಟ್ರೇಟರ ಮುಂದಿನ ಮೊಕದ್ದಮೆ ಕಾನೂನಿನ ದೃಷ್ಟಿಯಲ್ಲಿ ಎರಡನೆಯದಲ್ಲ, ಅದೇ ಮೊದಲನೆಯದು ಎಂದಿತು. ಇಂದಿನ 1962ರ ಕಸ್ಟಮ್ಸ್ ಕಾಯ್ದೆಯ 127ನೇ ಕಲಮು ಇದನ್ನೇ ನೇರವಾಗಿ ಹೇಳುತ್ತದೆ: ಅಧಿಕಾರಿ ಮುಟ್ಟುಗೋಲು ಹಾಕಿದರೂ ದಂಡ ವಿಧಿಸಿದರೂ ನ್ಯಾಯಾಲಯದ ಶಿಕ್ಷೆಗೆ ಅದು ಅಡ್ಡಿಯಲ್ಲ.

ಈ ತೀರ್ಪನ್ನು ಓದುವಾಗ ಸಾಮಾನ್ಯನಿಗೆ ಬೇಸರವಾಗುವುದು ಸಹಜ. ಹಣ ಕಳೆದುಕೊಂಡವನಿಗೆ ಅದನ್ನು ಕಿತ್ತುಕೊಂಡದ್ದು ಇಲಾಖೆಯೋ ಕೋರ್ಟೋ ಎಂಬುದರಲ್ಲಿ ಏನು ವ್ಯತ್ಯಾಸ? ನನಗೂ ಹಾಗೆಯೇ ಅನಿಸಿತು. ಆದರೆ ಇನ್ನೊಂದು ಮಗ್ಗುಲೂ ಇದೆ. ಇಲಾಖೆಯ ಆದೇಶವನ್ನೇ ಅಂತಿಮ ಶಿಕ್ಷೆ ಎಂದು ಒಪ್ಪಿದರೆ ದೊಡ್ಡ ಕಳ್ಳಸಾಗಣೆದಾರ ಸಣ್ಣ ದಂಡವೊಂದನ್ನು ಬೇಗ ಕಟ್ಟಿ ಜೈಲಿನಿಂದ ಶಾಶ್ವತವಾಗಿ ಪಾರಾಗಬಹುದು.

ಸರಕಾರಿ ನೌಕರರಿಗೂ ಇದೇ ನಿಯಮ. ಇಲಾಖಾ ವಿಚಾರಣೆ ನಡೆದು ಕೆಲಸ ಹೋದ ಅಧಿಕಾರಿಯೊಬ್ಬರ ಮೇಲೆ ಮತ್ತೆ ಕ್ರಿಮಿನಲ್ ಮೊಕದ್ದಮೆ ಹೂಡಬಹುದು ಎಂದು 1954ರಲ್ಲಿ ವೆಂಕಟರಾಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೆಲಸದಿಂದ ವಜಾ ಆಗುವುದು ಕಷ್ಟವೇ, ಆದರೆ ಸಂವಿಧಾನ ಹೇಳುವ ಅರ್ಥದ ಶಿಕ್ಷೆಯಲ್ಲ.

ಇನ್ನು ನಮ್ಮ ಜಮಾಅತಿನ ಮಾತು. ಹೊಡೆದಾಟವಾಗಿ ಎರಡೂ ಕಡೆಯವರನ್ನು ಕಮಿಟಿಯ ಮುಂದೆ ಕೂರಿಸಿ, ತಪ್ಪಿತಸ್ಥನಿಂದ ಆಸ್ಪತ್ರೆಯ ಖರ್ಚು ಕೊಡಿಸಿ, ಛಾಪಾ ಕಾಗದದಲ್ಲಿ ಸಹಿ ಹಾಕಿಸಿ, ದುಆ ಮಾಡಿ ಕಳಿಸುವುದುಂಟು. ಅಂಥ ಕೆಲವು ಕಾಗದಗಳಲ್ಲಿ ನನ್ನ ಸಹಿಯೂ ಇದೆ. ಮನಸ್ಸುಗಳನ್ನು ಒಂದುಗೂಡಿಸುವುದು ಒಳ್ಳೆಯದೇ. ಆದರೆ ಪೊಲೀಸರು ಎಫ್‌ಐಆರ್ ದಾಖಲಿಸಿದ್ದರೆ ಆ ಕಾಗದದಿಂದ ಕೇಸು ಮುಗಿಯುವುದಿಲ್ಲ. ದಾರುಲ್ ಖಝಾಗಳ ಬಗ್ಗೆ 2014ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ನಮ್ಮಲ್ಲಿ ಅನೇಕರು ತಪ್ಪಾಗಿ ತಿಳಿದಿದ್ದಾರೆ. ಅವುಗಳನ್ನು ಮುಚ್ಚಿ ಎಂದು ನ್ಯಾಯಾಲಯ ಹೇಳಲಿಲ್ಲ. ಇಷ್ಟಪಟ್ಟು ಹೋದವರು ಅಲ್ಲಿಯ ಮಾತನ್ನು ಒಪ್ಪಿ ನಡೆಯಬಹುದು, ಆದರೆ ಅವು ಕಾನೂನು ಮನ್ನಣೆಯಿರುವ ನ್ಯಾಯಾಲಯಗಳಲ್ಲ, ಅವುಗಳ ತೀರ್ಮಾನವನ್ನು ಯಾರ ಮೇಲೂ ಬಲವಂತವಾಗಿ ಹೇರುವಂತಿಲ್ಲ ಎಂದಿತು. ಕಸ್ಟಮ್ಸ್ ಅಧಿಕಾರಿಯ ಆದೇಶವೇ ನ್ಯಾಯಾಲಯದ ತೀರ್ಪಲ್ಲ ಎಂದಮೇಲೆ ನಮ್ಮ ಕಮಿಟಿಯದ್ದು ಆಗುವುದುಂಟೇ?

ಹಾಗಾದರೆ ರಾಜಿಗೆ ಬೆಲೆಯೇ ಇಲ್ಲವೇ? ಇದೆ, ಅದನ್ನು ನ್ಯಾಯಾಲಯಕ್ಕೆ ಮುಟ್ಟಿಸಿದರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಮಿನಲ್ಲಿ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಿದೆ. ಸಾಧಾರಣ ಗಾಯದಂಥವನ್ನು ಪೆಟ್ಟು ತಿಂದವನೇ ರಾಜಿ ಮಾಡಿಕೊಳ್ಳಬಹುದು. ಕೆಲವಕ್ಕೆ ನ್ಯಾಯಾಧೀಶರ ಅನುಮತಿ ಬೇಕು. ಪಟ್ಟಿಯಲ್ಲಿ ಇಲ್ಲದವಕ್ಕೆ ಕೆಳಗಿನ ನ್ಯಾಯಾಲಯದಲ್ಲಿ ರಾಜಿ ಇಲ್ಲ. ಅಂಥವುಗಳಲ್ಲೂ ಕೆಲವನ್ನು ಎರಡೂ ಕಡೆ ಒಂದಾದ ಮೇಲೆ ಹೈಕೋರ್ಟ್ ರದ್ದು ಮಾಡಬಹುದು, ಆದರೆ ಕೊಲೆ, ಅತ್ಯಾಚಾರ, ದರೋಡೆಯಂಥ ಘೋರ ಅಪರಾಧಗಳನ್ನಲ್ಲ ಎಂದು 2012ರ ಗ್ಯಾನ್ ಸಿಂಗ್ ತೀರ್ಪು ಹೇಳಿದೆ. ಕಾನೂನುಬದ್ಧವಾದ ರಾಜಿ ದಾಖಲಾದರೆ ಅದು ಖುಲಾಸೆಗೆ ಸಮ. ಆಗ ಅದೇ ವಿಷಯಕ್ಕೆ ಮತ್ತೊಮ್ಮೆ ಕೇಸು ನಡೆಯದಂತೆ ಅದು ತಡೆಯುತ್ತದೆ. ಛಾಪಾ ಕಾಗದವನ್ನು ಮಸೀದಿಯ ಕಪಾಟಿನಲ್ಲಿ ಇಡುವುದಕ್ಕೂ ವಕೀಲರ ಮೂಲಕ ನ್ಯಾಯಾಲಯಕ್ಕೆ ಕೊಡುವುದಕ್ಕೂ ಇರುವ ಅಂತರ ಇದು.

‘ಖುಲಾಸೆ’ ಎಂದೆ. ಈ ಶಬ್ದದ ಬಳಿ ಸ್ವಲ್ಪ ನಿಲ್ಲಬೇಕು. ನಮ್ಮ ಮನೆಗಳಲ್ಲಿ ಜಾಮೀನು ಸಿಕ್ಕಿದರೂ ‘ಬಿಡುಗಡೆಯಾಯಿತು’ ಎನ್ನುತ್ತೇವೆ. ಪೊಲೀಸರು ಸಾಕ್ಷ್ಯ ಸಿಗಲಿಲ್ಲವೆಂದು ಬಿ ರಿಪೋರ್ಟ್ ಹಾಕಿದರೂ ‘ಬಿಡುಗಡೆ’. ವಿಚಾರಣೆ ಶುರುವಾಗುವ ಮೊದಲೇ ಆಧಾರ ಸಾಲದೆಂದು ನ್ಯಾಯಾಧೀಶರು ಆರೋಪಿಯನ್ನು ಬಿಟ್ಟರೂ ‘ಬಿಡುಗಡೆ’. ಪೂರ್ತಿ ವಿಚಾರಣೆ ನಡೆದು ನಿರ್ದೋಷಿ ಎಂದು ತೀರ್ಪು ಬಂದರೂ ಅದೇ ಮಾತು. ಕಾನೂನಿಗೆ ಇವು ಬೇರೆ ಬೇರೆ. ಜಾಮೀನು ಎಂದರೆ ಕೇಸು ನಡೆಯುತ್ತಿದೆ ಎಂದೇ ಅರ್ಥ. ಬಿ ರಿಪೋರ್ಟಿನ ನಂತರವೂ ಹೊಸ ಸಾಕ್ಷ್ಯ ಸಿಕ್ಕರೆ ತನಿಖೆ ಮುಂದುವರಿಯಬಹುದು. ವಿಚಾರಣೆಗೆ ಮೊದಲು ಬಿಟ್ಟದ್ದು, ಖಾಸಗಿ ದೂರು ವಜಾ ಆದದ್ದು, ಇವೆರಡೂ ಖುಲಾಸೆಯಲ್ಲ ಎಂದು ಕಾನೂನಿನಲ್ಲೇ ಬರೆದಿದೆ. ಎರಡನೇ ಮೊಕದ್ದಮೆಯನ್ನು ತಡೆಯುವುದು ವಿಚಾರಣೆ ನಡೆದು ಬಂದ ಶಿಕ್ಷೆ ಅಥವಾ ಖುಲಾಸೆ ಮಾತ್ರ, ಅದೂ ಆ ತೀರ್ಪು ಊರ್ಜಿತದಲ್ಲಿ ಇರುವವರೆಗೆ. ಆದ್ದರಿಂದ ಕೇಸು ಮುಗಿಯಿತು ಎಂದು ಯಾರಾದರೂ ಹೇಳಿದರೆ ನಾನು ಈಗ ಮೊದಲು ಕೇಳುವುದು, ತೀರ್ಪಿನ ದೃಢೀಕೃತ ನಕಲು ಎಲ್ಲಿದೆ ಎಂದು. ಹೆಚ್ಚಿನವರ ಬಳಿ ಅದು ಇರುವುದಿಲ್ಲ.

ಖುಲಾಸೆಯಾದವನಿಗೆ ರಕ್ಷಣೆ ಕೊಡುವುದು ಸಂವಿಧಾನದ 20ನೇ ವಿಧಿಯಲ್ಲ. ಅಲ್ಲಿ ಮೊಕದ್ದಮೆಯೂ ಆಗಿರಬೇಕು, ಶಿಕ್ಷೆಯೂ ಆಗಿರಬೇಕು. ಖುಲಾಸೆಯನ್ನೂ ಸೇರಿಸಿ ರಕ್ಷಣೆ ಕೊಡುವುದು ನಾಗರಿಕ ಸುರಕ್ಷಾ ಸಂಹಿತೆಯ 337ನೇ ಕಲಮು. 2024ರ ಜುಲೈ 1ರ ಮೊದಲು ಇದ್ದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 300ನೇ ಕಲಮಾಗಿತ್ತು. ಅದೇ ಅಪರಾಧ ಮಾತ್ರವಲ್ಲ, ಅದೇ ಸಂಗತಿಗಳ ಮೇಲೆ ಮೊದಲ ವಿಚಾರಣೆಯಲ್ಲೇ ಬದಲಿಯಾಗಿ ಹೊರಿಸಬಹುದಾಗಿದ್ದ ಇನ್ನೊಂದು ಆರೋಪವನ್ನೂ ಮತ್ತೆ ಎತ್ತುವಂತಿಲ್ಲ. ಕೇರಳದ ಸರಕಾರಿ ಬೀಜೋತ್ಪಾದನಾ ಕೇಂದ್ರದ ಕೃಷಿ ಅಧಿಕಾರಿಯೊಬ್ಬರನ್ನು ಹಣ ದುರುಪಯೋಗದ ಆರೋಪದಲ್ಲಿ ಒಮ್ಮೆ ಶಿಕ್ಷಿಸಿದ ಮೇಲೆ ಅದೇ ಕಾಲದ ಲೆಕ್ಕಗಳನ್ನು ಕೆದಕಿ ಮತ್ತೆ ಮೊಕದ್ದಮೆ ಹೂಡಿದ್ದನ್ನು 2022ರಲ್ಲಿ ಸುಪ್ರೀಂ ಕೋರ್ಟ್ ಈ ಕಲಮಿನ ಬಲದಿಂದಲೇ ತಳ್ಳಿಹಾಕಿತು.

ಮೇಲ್ಮನವಿಯನ್ನು ಇದರೊಂದಿಗೆ ಬೆರೆಸಬಾರದು. ಖುಲಾಸೆಯ ವಿರುದ್ಧ ಸರಕಾರ ಹೈಕೋರ್ಟಿಗೆ ಹೋದರೆ ಅದು ಎರಡನೇ ಮೊಕದ್ದಮೆಯಲ್ಲ, ಮೊದಲನೆಯದರ ಮುಂದುವರಿಕೆ. ಹಾಗೆಯೇ, ಪೆಟ್ಟು ಕೊಟ್ಟದ್ದಕ್ಕೆ ಒಬ್ಬನಿಗೆ ಶಿಕ್ಷೆಯಾದ ನಂತರ ಪೆಟ್ಟು ತಿಂದವ ಅದೇ ಗಾಯದಿಂದ ತೀರಿಕೊಂಡರೆ, ಸಾವಿಗಾಗಿ ಹೊಸ ವಿಚಾರಣೆ ನಡೆಯಬಹುದು. ಮೊದಲ ವಿಚಾರಣೆಯ ಹೊತ್ತಿಗೆ ಆ ಅಪರಾಧ ಹುಟ್ಟಿಯೇ ಇರಲಿಲ್ಲ.

ವ್ಯಾಪಾರಸ್ಥರು ಕೇಳುವ ಚೆಕ್ ಬೌನ್ಸ್ ವಿಷಯದಲ್ಲಿ ಮಾತ್ರ ಸ್ಪಷ್ಟ ಉತ್ತರ ಕೊಡಲಾಗದು. ಚೆಕ್ ಕೇಸಿನಲ್ಲಿ ಶಿಕ್ಷೆಯಾದವನ ಮೇಲೆ ಅದೇ ಸಂಗತಿಗೆ ವಂಚನೆಯ ಕೇಸು ನಡೆಸುವಂತಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷವೇ ಇನ್ನೊಂದು ಪೀಠ, ವಂಚನೆಗೆ ಮೊದಲಿನಿಂದಲೂ ಮೋಸದ ಉದ್ದೇಶ ಬೇಕು, ಚೆಕ್ ಕೇಸಿಗೆ ಬೇಡ, ಎರಡೂ ಬೇರೆ ಅಪರಾಧಗಳು ಎಂದಿತು. 2022ರಲ್ಲಿ ಈ ಭಿನ್ನತೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಲಾಯಿತು.

337ನೇ ಕಲಮು ಶುರುವಾಗುವುದೇ ‘ಅಧಿಕಾರವುಳ್ಳ ನ್ಯಾಯಾಲಯದಿಂದ ಒಮ್ಮೆ ವಿಚಾರಣೆಗೆ ಒಳಗಾದ ವ್ಯಕ್ತಿ’ ಎಂಬರ್ಥದ ಮಾತಿನಿಂದ. ನ್ಯಾಯಾಲಯವಾಗಿದ್ದರೆ ಸಾಲದು, ಆ ಅಪರಾಧವನ್ನು ವಿಚಾರಿಸುವ ಅಧಿಕಾರ ಅದಕ್ಕೆ ಇರಬೇಕು. ಕೊಲೆ ಕೇಸನ್ನು ವಿಚಾರಿಸುವುದು ಸೆಷನ್ಸ್ ನ್ಯಾಯಾಲಯ. ಮ್ಯಾಜಿಸ್ಟ್ರೇಟರು ವಿಚಾರಿಸಿ ಖುಲಾಸೆ ಮಾಡಿದರೆ ಅದು ಅಸಿಂಧು, ಇಡೀ ವಿಚಾರಣೆಯನ್ನು ಹೊಸದಾಗಿ ಮಾಡಬಹುದು. ಸರಕಾರಿ ನೌಕರನ ಮೇಲಿನ ಕೆಲವು ಕೇಸುಗಳಿಗೆ ಮೇಲಧಿಕಾರಿಯ ಮಂಜೂರಾತಿ ಬೇಕು. ಅದು ಸರಿಯಿಲ್ಲವೆಂದು ಕೇಸು ಬಿದ್ದರೆ ಆರೋಪಿ ಮನೆಯಲ್ಲಿ ಸಿಹಿ ಹಂಚುತ್ತಾನೆ. ಸರಿಯಾದ ಮಂಜೂರಾತಿ ಪಡೆದು ಮತ್ತೆ ಕೇಸು ಹಾಕಬಹುದು ಎಂಬುದು ಅವನಿಗೆ ಗೊತ್ತಿರುವುದಿಲ್ಲ. 1957ರಲ್ಲೇ ಇದು ತೀರ್ಮಾನವಾಗಿದೆ.

ಆದರೆ ಊರಿನ ಗಡಿ ತಪ್ಪಿದ್ದು ಇಷ್ಟು ದೊಡ್ಡ ದೋಷವಲ್ಲ. ಅಪರಾಧ ನಡೆದ ಸ್ಥಳದ ನ್ಯಾಯಾಲಯವೇ ವಿಚಾರಿಸಬೇಕು ಎಂಬುದು ಸಾಮಾನ್ಯ ನಿಯಮ. ಪಕ್ಕದ ತಾಲೂಕಿನ ನ್ಯಾಯಾಲಯ ವಿಚಾರಿಸಿತು ಎಂಬ ಒಂದೇ ಕಾರಣಕ್ಕೆ ತೀರ್ಪು ಬಿದ್ದುಹೋಗುವುದಿಲ್ಲ. ಅದರಿಂದ ನ್ಯಾಯಕ್ಕೇ ಧಕ್ಕೆಯಾಗಿದೆ ಎಂದು ತೋರಿಸಬೇಕು. ದೂರು ಕೊಡಲು ಹೋದಾಗ ‘ಇದು ನಮ್ಮ ಠಾಣೆಯ ವ್ಯಾಪ್ತಿಯಲ್ಲ’ ಎಂದು ತಿರುಗಿ ಕಳಿಸುವುದಕ್ಕೂ ಈಗ ಅವಕಾಶವಿಲ್ಲ. ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯಾದರೂ ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇದನ್ನೇ ಝೀರೋ ಎಫ್‌ಐಆರ್ ಎನ್ನುವುದು.

ಈ ವ್ಯಾಪ್ತಿಯ ಮಾತಿನಲ್ಲಿ ನಮ್ಮ ಹೆಣ್ಣುಮಕ್ಕಳು ತಿಳಿದಿರಬೇಕಾದ ಒಂದು ತೀರ್ಪಿದೆ. ಗಂಡನ ಮನೆಯಲ್ಲಿ ಹಿಂಸೆ ಅನುಭವಿಸಿ, ಹೊರದಬ್ಬಿಸಿಕೊಂಡು ತವರಿಗೆ ಬಂದವಳು ದೂರು ಕೊಡಲು ಮತ್ತೆ ಗಂಡನ ಊರಿಗೇ ಅಲೆಯಬೇಕಿಲ್ಲ. ಆಸರೆ ಪಡೆದ ಊರಿನಲ್ಲೂ ಕೇಸು ನಡೆಯಬಹುದು ಎಂದು 2019ರ ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರ ಪೀಠ ಹೇಳಿತು. ಮನಸ್ಸಿಗೆ ಆದ ನೋವು ಗಂಡನ ಮನೆಯ ಹೊಸ್ತಿಲಲ್ಲೇ ನಿಲ್ಲುವುದಿಲ್ಲ, ಅದು ತವರಿಗೂ ಅವಳ ಜೊತೆ ಬರುತ್ತದೆ ಎಂಬುದು ಆ ತೀರ್ಪಿನ ತಿರುಳು.

ಹುಡುಗರಿಗೂ ಒಂದು ಮಾತು. ಮೊಬೈಲಿನಲ್ಲಿ ಹಾಕಿದ ಒಂದು ಸಂದೇಶಕ್ಕೆ ಐದು ಊರುಗಳಲ್ಲಿ ಎಫ್‌ಐಆರ್ ಆಗಬಹುದು. ಒಂದೇ ಘಟನೆಗೆ ಎರಡನೇ ಎಫ್‌ಐಆರ್ ಸಲ್ಲದು ಎಂದು 2001ರಲ್ಲಿ ಟಿ.ಟಿ. ಆಂಟನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಎದುರು ಪಕ್ಷದವರ ಪ್ರತಿದೂರು ಅದಕ್ಕೆ ಹೊರತು. ಆದರೆ ಬೇರೆ ಬೇರೆ ರಾಜ್ಯಗಳಲ್ಲಿ ದಾಖಲಾದ ಕೇಸುಗಳು ತಾವಾಗಿಯೇ ಮಾಯವಾಗುವುದಿಲ್ಲ. ಅಜ್ಮೀರಿನ ಖ್ವಾಜಾರ ಬಗ್ಗೆ ಅಗೌರವದ ಮಾತಾಡಿದ ಟಿವಿ ನಿರೂಪಕ ಅಮಿಶ್ ದೇವಗನ್ ಅವರ ಮೇಲಿನ ಎಫ್‌ಐಆರ್‌ಗಳನ್ನು ರದ್ದು ಮಾಡಲು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಒಪ್ಪಲಿಲ್ಲ. ಎಲ್ಲವನ್ನೂ ಸೇರಿಸಿ ಅಜ್ಮೀರಿಗೆ ಕಳಿಸಿತು. ಪತ್ರಕರ್ತ ಮುಹಮ್ಮದ್ ಝುಬೈರ್ ಅವರ ಮೇಲೆ ಉತ್ತರ ಪ್ರದೇಶದಲ್ಲಿ ಹಾಕಿದ್ದ ಕೇಸುಗಳನ್ನು 2022ರ ಜುಲೈನಲ್ಲಿ ಜಾಮೀನು ಕೊಟ್ಟು ದಿಲ್ಲಿಗೆ ವರ್ಗಾಯಿಸಿತು. ಇಬ್ಬರೂ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬಲ್ಲವರಾಗಿದ್ದರು. ಪಿಯುಸಿ ಓದುವ ನಮ್ಮ ಹುಡುಗನಿಗೆ ಅದು ಸಾಧ್ಯವೇ ಎಂಬುದನ್ನು ತಂದೆತಾಯಿಗಳು ಯೋಚಿಸಲಿ.

ಗಲ್ಫಿನಲ್ಲಿ ಇರುವವರ ಮನೆಯವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಅಲ್ಲಿ ಜೈಲು ಅನುಭವಿಸಿ ಬಂದವನ ಮೇಲೆ ಇಲ್ಲಿ ಮತ್ತೆ ಕೇಸು ಆಗಬಹುದೇ? ಭಾರತದ ಪ್ರಜೆ ಹೊರದೇಶದಲ್ಲಿ ಮಾಡಿದ ಅಪರಾಧವನ್ನು ಇಲ್ಲಿ ವಿಚಾರಿಸಬಹುದು, ಆದರೆ ಕೇಂದ್ರ ಸರಕಾರದ ಪೂರ್ವಾನುಮತಿ ಇಲ್ಲದೆ ವಿಚಾರಣೆ ನಡೆಸುವಂತಿಲ್ಲ. 208ನೇ ಕಲಮು ಇದಕ್ಕಾಗಿಯೇ ಇದೆ. ಒಂದೇ ಸಂಗತಿಯ ಒಂದು ಭಾಗ ಇಲ್ಲೂ ನಡೆದಿದ್ದರೆ ಲೆಕ್ಕ ಬೇರೆ. ಮಾದಕ ವಸ್ತುವಿನ ಪ್ರಕರಣದಲ್ಲಿ ಅಮೆರಿಕದಲ್ಲಿ ಶಿಕ್ಷೆ ಮುಗಿಸಿ ಬಂದವರೊಬ್ಬರನ್ನು ಭಾರತಕ್ಕೆ ಕಾಲಿಟ್ಟೊಡನೆ ಬಂಧಿಸಲಾಯಿತು. ಅಲ್ಲಿಯ ಕಾನೂನಿನ ಅಪರಾಧ ಬೇರೆ, ಇಲ್ಲಿಯ ಕಾನೂನಿನ ಅಪರಾಧ ಬೇರೆ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಟಿ ಮೋನಿಕಾ ಬೇಡಿ ನಕಲಿ ಪಾಸ್‌ಪೋರ್ಟಿಗಾಗಿ ಪೋರ್ಚುಗಲ್‌ನಲ್ಲಿ ಶಿಕ್ಷೆ ಅನುಭವಿಸಿದ್ದರೂ ಇಲ್ಲಿ ಅದನ್ನು ಮೋಸದಿಂದ ಪಡೆದ ಕೇಸು ಬೇರೆಯೇ ಎಂದು 2010ರಲ್ಲಿ ತೀರ್ಪಾಯಿತು. ಹೊರದೇಶದ ಜೈಲಿನ ಕಾಗದ ಹಿಡಿದುಕೊಂಡು ಬಂದವರು ಮೊದಲು ವಕೀಲರನ್ನು ಕಾಣಲಿ, ನನ್ನನ್ನಲ್ಲ.

ಹಾಜಿಯವರ ಮನೆಗೆ ನಾನೇ ಹೋಗಿ ತಪ್ಪೊಪ್ಪಿಕೊಂಡೆ. ವಕೀಲರು ಕಸ್ಟಮ್ಸಿನ ಆದೇಶವನ್ನು ಎರಡೆರಡು ಸಲ ಓದಿದರು. ಅವರು ಹುಡುಕುತ್ತಿದ್ದದ್ದು ಒಂದೇ ವಿಷಯ. ಇಲಾಖೆಯೇ ವಿಚಾರಣೆ ಮಾಡಿ ಆರೋಪದಲ್ಲಿ ಹುರುಳಿಲ್ಲ ಎಂದು ಬಿಟ್ಟಿದ್ದರೆ ಅದೇ ಸಂಗತಿಗೆ ಕ್ರಿಮಿನಲ್ ಕೇಸು ಮುಂದುವರಿಸಬಾರದು ಎಂಬ 2011ರ ರಾಧೇಶ್ಯಾಮ್ ಕೇಜ್ರಿವಾಲ್ ತೀರ್ಪು ಇದೆಯಂತೆ. ಈ ಹುಡುಗನಿಗೆ ಅದು ಸಿಗಲಿಲ್ಲ, ದಂಡ ಬಿದ್ದಿತ್ತಲ್ಲ. ಉಳಿದ ದಾರಿ ಕಸ್ಟಮ್ಸ್ ಕಾಯ್ದೆಯ 137ನೇ ಕಲಮಿನದ್ದು. ಮೊಕದ್ದಮೆ ಹೂಡಿದ ಮೇಲೂ ಮುಖ್ಯ ಆಯುಕ್ತರಿಗೆ ಅರ್ಜಿ ಕೊಟ್ಟು, ಅವರು ಒಪ್ಪಿದರೆ, ನಿಗದಿಯಾದ ಮೊತ್ತ ಕಟ್ಟಿ ರಾಜಿ ಮಾಡಿಕೊಳ್ಳಬಹುದು. ಹುಡುಗ ಹತ್ತು ದಿನದ ರಜೆ ಹಾಕಿ ಬಂದ. ಸಮನ್ಸಿನ ದಿನ ಹಾಜರಾದ, ಜಾಮೀನು ಸಿಕ್ಕಿತು, ಕೆಲಸಕ್ಕೆ ಮರಳಲು ನ್ಯಾಯಾಲಯದ ಅನುಮತಿಯನ್ನೂ ಪಡೆದ. ರಾಜಿ ಅರ್ಜಿ ಇಲಾಖೆಯ ಮುಂದಿದೆ.

ಮೊನ್ನೆ ಹಾಜಿಯವರು ಮತ್ತೆ ಸಿಕ್ಕಿದ್ದರು. “ಮಗ ಬಿಡುಗಡೆಯಾದ ಉಸ್ತಾದ್” ಎಂದರು. ಜಾಮೀನು ಹಾಜಿಯವರೇ, ಜಾಮೀನು ಎಂದೆ. ಮುಂದಿನ ತಾರೀಕು ಬಕ್ರೀದ್ ಕಳೆದ ಮೇಲೆ ಇದೆ.